ಕಾಯಿದೆಯ ಕಣ್ಣಿಗೆ ಬೀಳದ ಮೂಗು

2022ನೆಯ ಇಸವಿ, ಆಗಸ್ಟ್ 25. ಬೆಳಕು ಹರಿಯಲು ಇನ್ನೂ ಹೊತ್ತಿದ್ದಿತು. ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಸಮೀಪದ ಹೆದ್ದಾರಿಯಲ್ಲಿ, ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಕೂಲಿಯನ್ನರಸಿ ಹೊರಟಿದ್ದ ಬಡಜನರಿಂದ ಕಿಕ್ಕಿರಿದಿದ್ದ ವಾಹನವೊಂದು ಲಾರಿಗೆ ತಗುಲಿತು. ಮಕ್ಕಳೂ ಸೇರಿದಂತೆ ಒಂಬತ್ತು ಮಂದಿ ಪ್ರಾಣ ನೀಗಿದರು. ಹೆದ್ದಾರಿಯ ಬದಿಯಲ್ಲಿ ಬಾಳುವೆ ನಡೆಸುವ ಶಿರಾ ಸೀಮೆಯ ಜನಕ್ಕೆ ಇಂತಹ ಬೆಳಗುಗಳು ಅಪರಿಚಿತವಲ್ಲ. ಸಮವಸ್ತ್ರದವರು ಬಂದು ಸೇರುವುದಕ್ಕೆ ಮೊದಲು ಗಾಯಾಳುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುವವರು ಇಲ್ಲಿ ಸಾಮಾನ್ಯವಾಗಿ ಹೊಲಕ್ಕೆ ಹೊರಟವರು, ಚಹದಂಗಡಿಯವರು, ಹಿಂದಿನ ಲಾರಿಯ ಚಾಲಕರು.

ಹೀಗೆ ಕೈನೀಡಿದವರನ್ನು ಕಾಯಿದೆ ಬಹುಕಾಲ ಅನುಮಾನದ ಕಣ್ಣಿನಿಂದಲೇ ನೋಡಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನೇ ಪೋಲೀಸು ಠಾಣೆಗೂ ಕಚೇರಿಗೂ ಅಲೆಯಬೇಕಾಗಿದ್ದಿತು. ಈ ಅಂಜಿಕೆಯನ್ನು ಕಳೆಯುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಮುದ್ರೆಯೊತ್ತಿತು. ಅದೇ ವರ್ಷ ಕರ್ನಾಟಕ ಶಾಸಕಾಂಗವು ಪರೋಪಕಾರಿಗಳ ರಕ್ಷಣೆಗೆಂದೇ ಒಂದು ಕಾಯಿದೆಯನ್ನು ಮಾಡಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಪ್ರಕರಣವು ಸೇರಿತು. ಸದ್ಭಾವನೆಯಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವನು ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗೆ ಗುರಿಯಾಗತಕ್ಕದ್ದಲ್ಲ. ಎತ್ತಿದ ಕೈಗೆ ಕಾಯಿದೆಯ ಕಾವಲು ಇಂದು ಉಂಟು.

ಆದರೆ ಎತ್ತುವುದಕ್ಕೆ ಮೊದಲು ಹುಡುಕಬೇಕಾದ ಸಂದರ್ಭಗಳೂ ಇವೆಯಷ್ಟೆ. ಶಿರಾದಿಂದ ಪೂರ್ವಕ್ಕೆ ನಡೆದರೆ ಮಧುಗಿರಿಯ ಏಕಶಿಲಾ ಬೆಟ್ಟ. ಸಮುದ್ರಮಟ್ಟಕ್ಕೆ ಸುಮಾರು 3,900 ಅಡಿ ಎತ್ತರದಲ್ಲಿ ಅದರ ನೆತ್ತಿ. ಕೊರಟಗೆರೆಗೆ ಸಿದ್ಧರಬೆಟ್ಟ, ಪಾವಗಡಕ್ಕೆ ಕೋಟೆಯ ಗುಡ್ಡ. ರಜಾದಿನಗಳಲ್ಲಿ ಪಟ್ಟಣದ ಸಂಸಾರಗಳು ಬುತ್ತಿ ಕಟ್ಟಿಕೊಂಡು ಈ ಬೆಟ್ಟಗಳನ್ನು ಹತ್ತುತ್ತವೆ. ಒಂದು ಸಂಜೆ ಹತ್ತು ವರ್ಷದ ಬಾಲಕನೊಬ್ಬ ಗುಂಪಿನಿಂದ ಬೇರ್ಪಟ್ಟು ಬಂಡೆಗಳ ನಡುವೆ ಕಾಣದೆ ಹೋದನೆಂದು ಭಾವಿಸೋಣ. ಕೂಗಿದ್ದಕ್ಕೆ ಉತ್ತರವಿಲ್ಲ. ಕತ್ತಲು ಕವಿಯುತ್ತಿದೆ. ಆ ವೇಳೆಗೆ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಒಬ್ಬ ಗೃಹಸ್ಥರು ತಾವು ಎರಡು ವರ್ಷ ಪಳಗಿಸಿದ ನಾಯಿಯೊಡನೆ ಬಂದು, “ಒಂದು ಸಲ ಬಿಟ್ಟು ನೋಡಿ” ಎಂದು ಕೇಳುತ್ತಾರೆ. ಅವರಿಗೆ ಯಾರು ಏನೆಂದು ಉತ್ತರ ಕೊಡಬೇಕು? ಬಾಲಕನ ತಾಯಿಯ ಉತ್ತರವೇನೋ ಗೊತ್ತೇ ಇದೆ. ಕಾಯಿದೆಯ ಉತ್ತರವನ್ನು ಹುಡುಕಬೇಕಾಗಿದೆ.

ನಾಯಿ ಇಲ್ಲಿ ಮಾಡುವ ಕೆಲಸವಾದರೂ ಏನು ಎಂಬುದನ್ನು ಮೊದಲು ತಿಳಿಯಬೇಕು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕಣಗಳು 50-60 ಲಕ್ಷವಾದರೆ, ನಾಯಿಯ ಮೂಗಿನಲ್ಲಿ 20ರಿಂದ 30 ಕೋಟಿ. ಬದುಕಿರುವ ಮನುಷ್ಯನ ಮೈಯಿಂದ ಕಣ್ಣಿಗೆ ಕಾಣದ ಚರ್ಮದ ಹುಡಿ ಎಡೆಬಿಡದೆ ಉದುರುತ್ತಲೇ ಇರುತ್ತದೆ. ಅದು ಗಾಳಿಯಲ್ಲಿ ತೇಲಿ, ಮೂಲದ ಹತ್ತಿರ ದಟ್ಟವಾಗಿ, ದೂರ ಹೋದಂತೆ ಅಗಲವಾಗಿ ಹರಡಿಕೊಳ್ಳುತ್ತದೆ. ಪಳಗಿದ ನಾಯಿ ಗಾಳಿಗೆ ಅಡ್ಡಲಾಗಿ ಓಡಾಡಿ ಈ ವಾಸನೆಯ ಅಂಚನ್ನು ಹಿಡಿದು, ಅಲ್ಲಿಂದ ಒಳಮುಖವಾಗಿ ಸಾಗಿ ಮೂಲವನ್ನು ಮುಟ್ಟುತ್ತದೆ. ಹೆಜ್ಜೆಯ ಜಾಡು ಹಿಡಿದು ಸಾಗುವ ನಾಯಿಯ ವಿದ್ಯೆಯೇ ಬೇರೆ. ಕಲ್ಲುಮಣ್ಣಿನ ಅಡಿಯಲ್ಲಿ ಸಿಕ್ಕಿಬಿದ್ದವರನ್ನು ಅರಸುವುದರ ವಿದ್ಯೆ ಬೇರೆ. ಮೃತದೇಹವನ್ನು ಅರಸುವುದರದು ಮತ್ತೂ ಬೇರೆ. ಕತ್ತಲಾದರೆ ಮನುಷ್ಯ ಕೈಚೆಲ್ಲುತ್ತಾನೆ. ಮೂಗಿಗೆ ಕತ್ತಲೆಯ ಭಯವಿಲ್ಲ. ತಂಪಾದ ರಾತ್ರಿಯ ಗಾಳಿ ವಾಸನೆಯನ್ನು ನೆಲದ ಬಳಿಯೇ ಹಿಡಿದಿಡುವುದರಿಂದ ಎಷ್ಟೋ ಸಲ ಅದಕ್ಕೆ ಅನುಕೂಲವೇ ಆಗುತ್ತದೆ.

ನಾಯಿಯೊಂದೇ ಇದ್ದರೆ ಈ ಕೆಲಸ ನಡೆಯದು. ಅದರ ಕಿವಿ ನಿಮಿರಿದ್ದು, ಬಾಲದ ಅಲುಗಾಟ ನಿಂತದ್ದು, ತಲೆ ಹಠಾತ್ತನೆ ತಿರುಗಿದ್ದು, ಇವುಗಳ ಅರ್ಥವನ್ನು ಓದಬಲ್ಲವನು ವರ್ಷಗಟ್ಟಲೆ ಜೊತೆಯಲ್ಲಿ ತಿರುಗಿದವನೇ ಆಗಿರಬೇಕು. ಆದುದರಿಂದ ಲೆಕ್ಕಕ್ಕೆ ಬರುವುದು ನಾಯಿಯೂ ಅಲ್ಲ, ಆಳೂ ಅಲ್ಲ. ಅವೆರಡೂ ಕೂಡಿದ ಜೋಡಿ. 2023ರ ಫೆಬ್ರವರಿಯಲ್ಲಿ ತುರ್ಕಿಯ ಭೂಕಂಪಕ್ಕೆ ಭಾರತದಿಂದ ಹೋದ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯೊಡನೆ ಜೂಲಿ, ರೋಮಿಯೊ ಎಂಬ ಲ್ಯಾಬ್ರಡಾರ್ ನಾಯಿಗಳಿದ್ದವು. ನೂರ್ದಗಿ ಎಂಬ ಊರಿನ ಅವಶೇಷಗಳ ಒಂದೆಡೆ ಜೂಲಿ ನಿಂತು ಬೊಗಳಿತು. ಪಡೆಯವರು ಒಡನೆಯೇ ಅಗೆಯಲಿಲ್ಲ. ರೋಮಿಯೊವನ್ನು ಬೇರೆಯಾಗಿ ಬಿಟ್ಟರು. ಅದೂ ಅಲ್ಲಿಯೇ ನಿಂತು ಬೊಗಳಿತು. ಆ ಮೇಲೆ ಅಗೆದಾಗ ಆರು ವರ್ಷದ ಹೆಣ್ಣುಮಗು ಜೀವಸಹಿತ ದೊರೆಯಿತು. ಒಂದು ನಾಯಿಯ ಮಾತನ್ನು ಇನ್ನೊಂದರಿಂದ ಪರೀಕ್ಷಿಸುವ ಈ ಪದ್ಧತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಇಂತಹ ಪ್ರಾಣಿಯನ್ನು ಈ ದೇಶದ ಕಾಯಿದೆ ಏನೆಂದು ಕರೆಯುತ್ತದೆ? 1860ರ ದಂಡಸಂಹಿತೆಯ 428ನೆಯ ಪ್ರಕರಣದಲ್ಲಿ ಕೊಲ್ಲಲ್ಪಟ್ಟ ಪ್ರಾಣಿಯ ಬೆಲೆ ಹತ್ತು ರೂಪಾಯಿಯಾದರೂ ಇರಬೇಕಾಗಿದ್ದಿತು. ಆ ಹತ್ತು ರೂಪಾಯಿಯು 2024ರ ಜುಲೈ 1ರಂದು ನ್ಯಾಯಸಂಹಿತೆ ಜಾರಿಗೆ ಬರುವವರೆಗೂ ಗ್ರಂಥದಲ್ಲಿ ಉಳಿದಿತ್ತು! 1960ರ ಕಾಯಿದೆಯು ಪ್ರಾಣಿಯನ್ನು ಕ್ರೌರ್ಯದಿಂದ ಕಾಪಾಡುತ್ತದೆ. ನಾಯಿ ಯಾರನ್ನಾದರೂ ಕಚ್ಚಿದರೆ ಒಡೆಯನ ಅಲಕ್ಷ್ಯಕ್ಕೆ ಹೊಸ ಸಂಹಿತೆಯ 291ನೆಯ ಪ್ರಕರಣ ಕಾದಿದೆ. ಆರು ತಿಂಗಳ ಸೆರೆ, ಐದು ಸಾವಿರ ರೂಪಾಯಿಯವರೆಗೆ ದಂಡ. ವಾಹನಕ್ಕೆ ಸಿಕ್ಕಿ ಸತ್ತ ಸಾಕುನಾಯಿಯೊಂದರ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟು 2022ರಲ್ಲಿ, ಮೋಟಾರು ಕಾಯಿದೆ ಹೇಳುವ “ವ್ಯಕ್ತಿ” ಎಂಬ ಮಾತಿನೊಳಗೆ ನಾಯಿ ಸೇರದೆಂದು ತೀರ್ಮಾನಿಸಿತು. ಕಾಯಿದೆಯ ಅಕ್ಷರ ನೋಡಿದರೆ ಬೇರೆ ದಾರಿಯೂ ಇರಲಿಲ್ಲ.

ನ್ಯಾಯಾಲಯಕ್ಕೆ ನಾಯಿ ಬರುವ ಇನ್ನೊಂದು ದಾರಿ ಪೋಲೀಸರದು. 1969ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಜಾಡು ಹಿಡಿದ ನಾಯಿಯ ಸಾಕ್ಷ್ಯದ ಪ್ರಶ್ನೆ ಬಂದಾಗ ಚರ್ಚೆಗೆ ಬಂದ ಆಕ್ಷೇಪಣೆ ಸ್ವಾರಸ್ಯವಾದುದು. ನಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡುವಂತಿಲ್ಲ. ಅದರ ಪರವಾಗಿ ಅದರ ಜೊತೆಗಾರನೇ ಮಾತಾಡಬೇಕು. ಆದಕಾರಣ ಇಂತಹ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಸಲ್ಲದು. ಅಪರಾಧಿಯನ್ನು ಗಲ್ಲಿಗೇರಿಸಬೇಕೇ ಎಂಬ ಪ್ರಶ್ನೆಯಲ್ಲಿ ಈ ಎಚ್ಚರಿಕೆ ನ್ಯಾಯವೇ. ಆದರೆ ಬಾಲಕನೊಬ್ಬ ಯಾವ ಬಂಡೆಯ ಹಿಂದೆ ಇದ್ದಾನೆ ಎಂಬ ಪ್ರಶ್ನೆಯಲ್ಲಿ ನಾಯಿ ತಪ್ಪಿದರೆ ಹೋಗುವುದು ಅರ್ಧ ಗಂಟೆಯ ಹೊತ್ತು ಮಾತ್ರ. ಸರಿಯಾದರೆ ಉಳಿಯುವುದು ಒಂದು ಜೀವ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ನಾಯಿಗೆ ಶಾಸನದಲ್ಲಿ ಸ್ಥಾನ ಕೊಡುವುದು ಕನ್ನಡ ನಾಡಿಗೆ ಹೊಸ ವಿಚಾರವೇನೂ ಅಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ಇತಿಹಾಸಾಸಕ್ತರು ಬಲ್ಲರು. ಕಾಲ ಶಕ 872, ಎಂದರೆ ಕ್ರಿ. ಶ. 949-50. ತಕ್ಕೋಲದ ಕದನದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ಹೆಗ್ಗಾಡುಹಂದಿಯೊಡನೆ ಸೆಣಸಿತು. ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಪೂಜಾರಿಗೆ ಪಾಪ ತಗುಲುವುದೆಂಬ ಕಟ್ಟಳೆಯೂ ಅದರಲ್ಲಿಯೇ ಇದೆ. ಭೂಮಿ, ಅದರ ಎಲ್ಲೆ, ಕರ್ತವ್ಯ ಯಾರದು, ತಪ್ಪಿದರೆ ಏನು, ಇಷ್ಟನ್ನೂ ಕೆತ್ತಿಸಿದ ಆ ಕಾಲದವರು ಕಾಯಿದೆ ಬರೆಯುವ ವಿದ್ಯೆಯನ್ನು ಬಲ್ಲವರೆಂದೇ ಹೇಳಬೇಕು.

ಈ ಕಾಲಕ್ಕೆ ಬಂದರೆ, ವಿಪತ್ತಿನಲ್ಲಿ ನೆರವಿಗೆ ನಿಲ್ಲುವ ಮುಖ್ಯ ಶಾಸನ 2005ರ ವಿಪತ್ತು ನಿರ್ವಹಣಾ ಕಾಯಿದೆ. ಅದರಡಿಯಲ್ಲಿ ಹುಟ್ಟಿದ ರಾಷ್ಟ್ರೀಯ ಪಡೆಯ ತಂಡವೊಂದರಲ್ಲಿ ಎಂಜಿನಿಯರು, ವೈದ್ಯ ಸಿಬ್ಬಂದಿಗಳ ಜೊತೆಗೆ ಶ್ವಾನದಳವೂ ಇರುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಮಂದಿ ಮಡಿದಾಗ ದುಡಿದದ್ದು ಈ ಪಡೆಯೇ. ಎರಡು ದಿನ ಕಳೆದ ಮೇಲೆಯೂ ಅಲ್ಲಿ ಮಣ್ಣಿನಡಿಯಿಂದ ಜೀವಂತ ಮನುಷ್ಯರು ಹೊರಬಂದರು. ಸರ್ಕಾರದ ನಾಯಿಗೆ ಸರ್ಕಾರದ ಆಶ್ರಯವಿದೆ; ಅದರ ವಿಷಯದಲ್ಲಿ ತೊಡಕಿಲ್ಲ. ತೊಡಕಿರುವುದು ಸ್ವಂತ ಖರ್ಚಿನಲ್ಲಿ ನಾಯಿ ಪಳಗಿಸಿ, ರಜೆ ಹಾಕಿ ಬರುವ ಸ್ವಯಂಸೇವಕನ ವಿಷಯದಲ್ಲಿ.

ಸ್ವಯಂಸೇವಕ ಮತ್ತು ಆಡಳಿತ ಎದುರುಬದುರಾದಾಗ ಏನಾಗುತ್ತದೆ ಎಂಬುದನ್ನು ನಾಡು ಇತ್ತೀಚೆಗೆ ಕಂಡಿದೆ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಗಂಗಾವಳಿ ನದಿಯ ಒಂದು ಭಾಗವನ್ನೂ ಮುಚ್ಚಿತು. ನದಿಯಲ್ಲಿ ಮುಳುಗಿದ ಲಾರಿಗಾಗಿ, ಅದರ ಚಾಲಕನಿಗಾಗಿ ಹುಡುಕಾಟ ಎರಡು ತಿಂಗಳಿಗೂ ಮಿಕ್ಕಿ ನಡೆಯಿತು. ಲಾರಿಯೂ ದೇಹವೂ ದೊರೆತದ್ದು ಸೆಪ್ಟೆಂಬರ್ 25ರಂದು. ಸೇನೆ, ನೌಕಾದಳ, ಸರ್ಕಾರಿ ಪಡೆಗಳ ನಡುವೆ ಉಡುಪಿ ಜಿಲ್ಲೆಯ ಮಲ್ಪೆಯ ಮುಳುಗುಗಾರ ಈಶ್ವರ ಮಲ್ಪೆಯವರೂ ಸೆಳೆತದ ನೀರಿಗಿಳಿದರು. ಸಂಬಳವಿಲ್ಲ, ಹುದ್ದೆಯಿಲ್ಲ. ಕಡೆಗೆ ಸೆಪ್ಟೆಂಬರಿನಲ್ಲಿ ಆಡಳಿತದೊಡನೆ ಹೊಂದಿಕೆಯಾಗದೆ ಅವರು ಹಿಂತಿರುಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಇದರಲ್ಲಿ ಯಾರ ತಪ್ಪೆಷ್ಟು ಎಂದು ತೂಗುವುದು ಇಲ್ಲಿ ಬೇಕಿಲ್ಲ. ನೀರಿಗಿಳಿಯುವವನ ಪ್ರಾಣಕ್ಕೆ ತಾನು ಹೊಣೆಯಾಗಬೇಕಾದೀತೆಂದು ಅಧಿಕಾರಿ ಅಂಜುವುದೂ ಸಹಜ, ಬಲ್ಲ ಕೆಲಸಕ್ಕೆ ಬಿಡರೆಂದು ಮುಳುಗುಗಾರ ಮುನಿಯುವುದೂ ಸಹಜ. ಇಬ್ಬರ ನಡುವೆ ಮೊದಲೇ ಬರೆದಿಟ್ಟ ಕಟ್ಟಳೆ ಇದ್ದರೆ ಅಂಜಿಕೆಗೂ ಮುನಿಸಿಗೂ ಎಡೆ ಕಡಿಮೆ.

2005ರ ಕಾಯಿದೆಯನ್ನು ಬಿಚ್ಚಿ ನೋಡಿದರೆ ಸ್ವಯಂಸೇವಕನಿಗೆ ಬಾಗಿಲು ಪೂರ್ಣವಾಗಿ ಮುಚ್ಚಿಲ್ಲ. ಶೋಧಿಸಿ ರಕ್ಷಿಸುವ ಅಧಿಕಾರವನ್ನೂ, ಸ್ಥಳಕ್ಕೆ ಯಾರು ಬರಬಹುದು, ಯಾರು ಬರಬಾರದೆಂದು ನಿಯಂತ್ರಿಸುವ ಅಧಿಕಾರವನ್ನೂ 34ನೆಯ ಪ್ರಕರಣ ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಸರ್ಕಾರದ ಪರವಾಗಿ ಸದ್ಭಾವನೆಯಿಂದ ದುಡಿದವನ ಮೇಲೆ ದಾವೆ ಹೂಡುವಂತಿಲ್ಲವೆಂದು 73ನೆಯ ಪ್ರಕರಣ ಹೇಳುತ್ತದೆ. ಆದರೆ “ಸರ್ಕಾರದ ಪರವಾಗಿ” ಎಂಬುದನ್ನು ತೋರಿಸುವ ಚೀಟಿ ಸ್ವಯಂಸೇವಕನ ಕೈಯಲ್ಲಿ ಇರಬೇಕಲ್ಲ! ಅಧಿಕಾರಿಯೊಬ್ಬರು ಬಾಯಿಮಾತಿನಲ್ಲಿ “ಹೋಗಿ ನೋಡಿ” ಎಂದರೆ ಅದು ಸಾಕೇ? ಇನ್ನು 65, 66ನೆಯ ಪ್ರಕರಣಗಳು. ರಕ್ಷಣಾ ಕಾರ್ಯಕ್ಕೆಂದು ಕಟ್ಟಡವನ್ನು ವಶಪಡಿಸಿಕೊಂಡರೆ ಅದರ ಬಾಡಿಗೆ, ವಾಹನವನ್ನು ಪಡೆದರೆ ಅದರ ಬಾಡಿಗೆ, ಇವುಗಳ ಲೆಕ್ಕ ಅಲ್ಲಿ ಸೊಗಸಾಗಿ ಬರೆದಿದೆ. ಕಾಲು ಮುರಿದುಕೊಂಡ ನಾಯಿಯ ಚಿಕಿತ್ಸೆಗೆ, ಗೋಡೆ ಕುಸಿದು ಸತ್ತ ನಾಯಿಗೆ ಅಲ್ಲಿ ಒಂದಕ್ಷರವಿಲ್ಲ. ನಾಯಿ ಎಂಬ ಪದವೇ ಆ ಕಾಯಿದೆಯಲ್ಲಿ ಇಲ್ಲ.

ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಕಾಯಿದೆಯ ವ್ಯಾಖ್ಯೆಯ ಪ್ರಕಾರ ವಿಪತ್ತೆಂದರೆ, ಆ ಪ್ರದೇಶದ ಸಮುದಾಯದ ತಾಳಿಕೆಯನ್ನು ಮೀರಿದ ಅನಾಹುತ. ಭೂಕಂಪ, ನೆರೆ, ಗುಡ್ಡ ಜರಿತ, ಇವೆಲ್ಲ ಸರಿ. ಮಧುಗಿರಿಯ ಬೆಟ್ಟದಲ್ಲಿ ಕಾಣೆಯಾದ ಒಬ್ಬ ಬಾಲಕ ಕಾಯಿದೆಯ ಲೆಕ್ಕದಲ್ಲಿ ವಿಪತ್ತೇ ಅಲ್ಲ! ಅದು ಪೋಲೀಸು ಠಾಣೆಯಲ್ಲಿ ದಾಖಲಾಗುವ ಕಾಣೆಯಾದವರ ಪ್ರಕರಣ ಮಾತ್ರ. ನಾಯಿಯ ನೆರವು ಅತ್ಯಂತ ಹೆಚ್ಚಾಗಿ ಬೇಕಾಗುವುದು ಇಂತಹ ಸಣ್ಣ, ಒಂಟಿ ಸಂದರ್ಭಗಳಲ್ಲಿ. ಮನೆ ಬಿಟ್ಟು ಹೊರಟು ದಾರಿ ಮರೆತ ವೃದ್ಧರು, ಸೌದೆಗೆ ಹೋಗಿ ಹಿಂತಿರುಗದ ಹೆಂಗಸು, ಕುರಿಮರಿಯ ಬೆನ್ನು ಹತ್ತಿ ಹೋದ ಹುಡುಗ. ಹೊರಟ ಮೊದಲ ಕೆಲವು ಗಂಟೆಗಳೊಳಗೆ ಸಿಕ್ಕರೆ ಬದುಕುವವರು ಇವರೇ. ದೊಡ್ಡ ಪಡೆಯನ್ನು ಇವರಿಗಾಗಿ ಯಾರೂ ಕರೆಸುವುದಿಲ್ಲ. ಕರೆಸಿದರೂ ದೂರದಿಂದ ಬರುವ ಹೊತ್ತಿಗೆ ಬೆಳಗಾಗಿರುತ್ತದೆ.

ಹೊರನಾಡುಗಳಲ್ಲಿ ಈ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿ ಬೇರೆಬೇರೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಪಾಪ್ಲರ್ ಎಂಬ ಭಾಗದ ಮೇಲೆ ಬಾಂಬು ಬಿದ್ದ ಮೇಲೆ, 1940ರಲ್ಲಿ, ದಿಕ್ಕಿಲ್ಲದ ಬೀದಿನಾಯಿಯೊಂದನ್ನು ಅಲ್ಲಿನ ವೈಮಾನಿಕ ದಾಳಿಯ ಕಾವಲುಗಾರರೊಬ್ಬರು ಸಾಕಿಕೊಂಡರು. ಅದಕ್ಕೆ ರಿಪ್ ಎಂದು ಹೆಸರಾಯಿತು. ಯಾರೂ ಕಲಿಸಲಿಲ್ಲ, ತಾನಾಗಿಯೇ ಅವಶೇಷಗಳನ್ನು ಮೂಸಿ ನೂರಕ್ಕೂ ಮಿಕ್ಕ ಜನರ ಸುಳಿವು ಕೊಟ್ಟಿತು. 1945ರಲ್ಲಿ ಅದಕ್ಕೆ ಪ್ರಾಣಿಗಳಿಗೆಂದೇ ಇರುವ ಡಿಕಿನ್ ಪದಕ ದೊರೆಯಿತು. ಪದಕವೇನೋ ಸರಿ, ಅದಕ್ಕಿಂತ ಹೆಚ್ಚಿನ ಮಾತೆಂದರೆ ಇಂತಹ ನಾಯಿಗಳನ್ನು ಕ್ರಮವಾಗಿ ಪಳಗಿಸುವ ಏರ್ಪಾಡು ಆ ಯುದ್ಧದ ಕಡೆಯ ವರ್ಷಗಳಲ್ಲಿ ಆರಂಭವಾದುದು. 1965ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಮಿಶ್ ಮ್ಯಾಕಿನ್ನಿಸ್ ಅವರು ಶೋಧನಾಯಿಗಳ ಸ್ವಯಂಸೇವಕ ಸಂಘವನ್ನು ಕಟ್ಟಿದರು. ಅಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಜೋಡಿ ಮಾತ್ರ ಬೆಟ್ಟ ಹತ್ತಬೇಕು. ಅದೂ ಪೋಲೀಸರ ಕರೆ ಬಂದ ಮೇಲೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಸ್ವಯಂಸೇವಕನು ತುರ್ತುಕಾರ್ಯಕರ್ತನೆಂದು ಮುಂಚಿತವಾಗಿ ನೋಂದಾಯಿಸಿಕೊಂಡಿರಬೇಕು. ಪ್ರತಿ ಶೋಧಕ್ಕೂ ಸರ್ಕಾರ ಒಂದು ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯಡಿ ದುಡಿಯುವಾಗ ಗಾಯವಾದರೆ, ಸ್ವತ್ತಿಗೆ ಹಾನಿಯಾದರೆ ಪರಿಹಾರಕ್ಕೆ ಹಕ್ಕುಂಟು. ಸಂಖ್ಯೆಯಿಲ್ಲದೆ ತಾನಾಗಿ ನುಗ್ಗಿದವನಿಗೆ ಈ ರಕ್ಷಣೆಯಿಲ್ಲ. ಬಹು ಸರಳವಾದ ಉಪಾಯ. ಕರೆದವರು ಯಾರೆಂಬ ಪ್ರಶ್ನೆ ಒಂದು ಅಂಕಿಯಲ್ಲಿ ಮುಗಿದುಹೋಯಿತು.

ಮನ್ನಣೆಗೆ ಅಡ್ಡಿ ಹೇಳುವವರ ಮಾತಿನಲ್ಲಿಯೂ ಹುರುಳಿದೆ. ಮನೆಯ ನಾಯಿಗೆ ಚೆಂಡು ತರಲು ಕಲಿಸಿದವರೆಲ್ಲ ತಾವು ಶೋಧಕರೆಂದು ಹೊರಟರೆ ಬೆಟ್ಟದ ತುಂಬ ಹೊಸ ವಾಸನೆಗಳು ತುಂಬಿ, ನಿಜವಾದ ನಾಯಿಗೇ ದಾರಿ ತಪ್ಪೀತು. ನಾಯಿ ಸುಳ್ಳು ಸುಳಿವು ಕೊಟ್ಟು, ಬೇರೆಡೆ ಅಗೆಯಬೇಕಾದ ಯಂತ್ರ ಅಲ್ಲಿ ಅಗೆಯುತ್ತ ನಿಂತರೆ ಅದರ ಬೆಲೆ ತೆರುವವರು ಮಣ್ಣಿನಡಿಯಲ್ಲಿರುವವರು. ಕಾಣೆಯಾದವರು ಶವವಾಗಿ ಸಿಕ್ಕರೆ ಅದು ಕೊಲೆಯೂ ಆಗಿರಬಹುದು. ಅಲ್ಲಿಯ ಕಲ್ಲು, ಬಟ್ಟೆ ಯಾವುದನ್ನೂ ಮುಟ್ಟಬಾರದೆಂಬ ತಿಳಿವಳಿಕೆ ಸ್ವಯಂಸೇವಕನಿಗೆ ಇರಬೇಕು. ಇವೆಲ್ಲ ಸರಿಯೇ. ಆದರೆ ಇವು ಮನ್ನಣೆ ಬೇಡವೆನ್ನುವುದಕ್ಕೆ ಕಾರಣಗಳಲ್ಲ. ಪರೀಕ್ಷೆ ಬೇಕೆನ್ನುವುದಕ್ಕೆ ಕಾರಣಗಳು. ಜೂಲಿಯನ್ನು ರೋಮಿಯೊ ಪರೀಕ್ಷಿಸಿದಂತೆ ಜೋಡಿಯನ್ನು ಬಲ್ಲವರು ಪರೀಕ್ಷಿಸಬೇಕು. ಮನ್ನಣೆಯೇ ಇಲ್ಲದ ಕಡೆ ಬಲ್ಲವನನ್ನೂ ಬಲ್ಲದವನನ್ನೂ ಬೇರ್ಪಡಿಸುವ ಜರಡಿಯೇ ಇರುವುದಿಲ್ಲ. ಅಧಿಕಾರಿಯ ಮನಸ್ಸು ಬಂದರೆ ಇಬ್ಬರೂ ಒಳಗೆ, ಬಾರದಿದ್ದರೆ ಇಬ್ಬರೂ ಹೊರಗೆ.

ಇದಕ್ಕಾಗಿ ಹೊಸ ಕಾಯಿದೆಯೇ ಬೇಕೆಂದು ಕಾಯುವುದೂ ಅನಗತ್ಯ. ನಾಗರಿಕ ರಕ್ಷಣಾ ಕಾಯಿದೆ 1968ರಷ್ಟು ಹಳೆಯದು. ಯುದ್ಧಕಾಲಕ್ಕೆಂದು ಹುಟ್ಟಿದ ಅದನ್ನು 2009ರ ತಿದ್ದುಪಡಿಯಿಂದ ವಿಪತ್ತುಗಳಿಗೂ ಹಿಗ್ಗಿಸಲಾಗಿದೆ. ಸ್ವಯಂಸೇವಕರ ದಳವನ್ನು ಕಟ್ಟಲು ಅದರಲ್ಲಿ ಅವಕಾಶವಿದೆ. ಈ ರಾಜ್ಯದ ಗೃಹರಕ್ಷಕರ ಕಾಯಿದೆ 1962ರದು. ಕೇಂದ್ರ ಪ್ರಾಧಿಕಾರದ “ಆಪದ್ ಮಿತ್ರ” ಯೋಜನೆ 2016ರಲ್ಲಿ 30 ಜಿಲ್ಲೆಗಳಲ್ಲಿ ತೊಡಗಿ, ಮುಂದೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತರಬೇತುಗೊಳಿಸುವ ಗುರಿಯಿಟ್ಟುಕೊಂಡಿತು. ಅವರಿಗೆ ಗುರುತಿನ ಚೀಟಿ, ಸಲಕರಣೆಗಳ ಚೀಲ, ವಿಮೆ, ಎಲ್ಲವೂ ಉಂಟು. ಈ ಚೌಕಟ್ಟಿನೊಳಗೆ ಶೋಧನಾಯಿಯ ಜೋಡಿಗೆ ಒಂದು ವರ್ಗವನ್ನು ಸೇರಿಸಿ, ಆಳಿಗಿರುವ ವಿಮೆಯನ್ನು ನಾಯಿಗೂ ಹಿಗ್ಗಿಸಿ, ವರ್ಷಕ್ಕೊಮ್ಮೆ ಪರೀಕ್ಷೆ ನಡೆಸಿ, ಕಾಣೆಯಾದವರ ಪ್ರಕರಣ ದಾಖಲಾದೊಡನೆ ಠಾಣೆಯಿಂದ ಅವರಿಗೆ ಕರೆ ಹೋಗುವಂತೆ ಮಾಡಿದರೆ ಆಗತಕ್ಕ ಖರ್ಚು ದೊಡ್ಡದಲ್ಲ.

ನಾಯಿಗಳಿಗೇನು, ಈ ನಾಡಿನಲ್ಲಿ ಬರವಿಲ್ಲ. ಮುಧೋಳದ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್ತಿಗೆ ಹೋದವು. ಅದು ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ತಳಿಯಾದುದರಿಂದ ಮೂಗಿನ ಕೆಲಸಕ್ಕೆ ಎಲ್ಲರ ಮೊದಲ ಆಯ್ಕೆಯಾಗಲಾರದೇನೋ. ಆದರೆ ತಳಿಯೇ ಎಲ್ಲವೂ ಅಲ್ಲ. 2020ರ ಆಗಸ್ಟ್ 6ರಂದು ಕೇರಳದ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ಎಪ್ಪತ್ತು ಮಂದಿ ಇಲ್ಲವಾದಾಗ, ಕುವಿ ಎಂಬ ನಾಡನಾಯಿ ದಿನಗಟ್ಟಲೆ ನದಿಯ ದಂಡೆಯಲ್ಲಿ ಅಲೆದು, ತನ್ನೊಡನೆ ಆಡುತ್ತಿದ್ದ ಎರಡು ವರ್ಷದ ಕೂಸಿನ ದೇಹವಿದ್ದ ಎಡೆಯನ್ನು ತೋರಿಸಿತು. ಆ ಮೇಲೆ ಪೋಲೀಸು ಶ್ವಾನದಳದವರು ಅದನ್ನು ಸಾಕಲು ಕರೆದೊಯ್ದರು. ಶಿರಾ, ಪಾವಗಡಗಳ ಕುರಿ ಹಿಂಡುಗಳ ಹಿಂದೆ ನಡೆಯುವ ನಾಯಿಗಳು ಇದೇ ಜಾತಿಯವು. ಕತ್ತಲಲ್ಲಿ ಹಿಂಡಿನಿಂದ ತಪ್ಪಿದ ಕುರಿಯನ್ನು ಅರಸಿ ತರುವ ಹಟ್ಟಿಯ ಜನರಿಗೆ ನಾಯಿಯ ಬೊಗಳಿನ ಅರ್ಥವನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

2005ರ ಕಾಯಿದೆಯ 31ನೆಯ ಪ್ರಕರಣದಂತೆ ಪ್ರತಿ ಜಿಲ್ಲೆಯೂ ತನ್ನ ವಿಪತ್ತು ನಿರ್ವಹಣಾ ಯೋಜನೆಯನ್ನು ಬರೆದಿಟ್ಟುಕೊಂಡು ಅದನ್ನು ವರ್ಷಕ್ಕೊಮ್ಮೆ ಪುನರ್ವಿಮರ್ಶೆ ಮಾಡತಕ್ಕದ್ದು. ತುಮಕೂರು ಜಿಲ್ಲೆಗೂ ಇದು ಅನ್ವಯಿಸುತ್ತದೆ. ಅಗ್ನಿಶಾಮಕ ಠಾಣೆ, ಆಸ್ಪತ್ರೆ, ದೋಣಿ, ಯಂತ್ರ, ಈಜುಗಾರರು, ಇವೆಲ್ಲ ಇಂತಹ ಯೋಜನೆಗಳ ಪಟ್ಟಿಗೆ ಸೇರುವ ಬಾಬುಗಳು. ಪಟ್ಟಿಗೆ ಇನ್ನೊಂದು ಸಾಲನ್ನು ಸೇರಿಸಿ, ಆ ಜೋಡಿಗಳ ಪರೀಕ್ಷೆ ಹೇಗೆ, ಕರೆ ಯಾರಿಂದ, ಹೊಣೆ ಯಾರದೆಂದು ಬರೆಯಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಮುಂದಿನ ವರ್ಷದ ಪುನರ್ವಿಮರ್ಶೆಯ ಸಭೆ ಸಾಕು.